ಓದಲಾಗದ ಕಾಗದಕ್ಕೆ ಸಹಿ

ಗಲ್ಫಿನಲ್ಲಿ ದುಡಿಯುವ ಮಗನೋ ಗಂಡನೋ ಅಲ್ಲೇ ತೀರಿಕೊಂಡರೆ ಊರಿನ ಮನೆಗೆ ಮೊದಲು ಫೋನು ಬರುತ್ತದೆ, ಆಮೇಲೆ ಕಾಗದ ಬರುತ್ತದೆ, ಎಲ್ಲಕ್ಕಿಂತ ಕೊನೆಗೆ ದೇಹ ಬರುತ್ತದೆ. ಈ ನಡುವಿನ ದಿನಗಳ ಮಾತು ಬಂದಾಗ ಎಲ್ಲರೂ ದುಡ್ಡಿನ ವಿಷಯವನ್ನೇ ಎತ್ತುತ್ತಾರೆ. ದುಡ್ಡು ಸಣ್ಣ ವಿಷಯವಲ್ಲ, ನಿಜ. ಆದರೆ ದುಡ್ಡಿಗಾಗಿ ಜಗಳ ತೆಗೆದು ಗೆದ್ದವರಿದ್ದಾರೆ. ಯುಎಇಯಿಂದ ಬರುವ ಶವಪೆಟ್ಟಿಗೆಗಳನ್ನು ಏರ್ ಇಂಡಿಯಾ ಬಹಳ ಕಾಲ ತೂಕಕ್ಕೆ ಹಾಕಿ, ಕಿಲೋ ಲೆಕ್ಕದಲ್ಲಿ ಬಾಡಿಗೆ ವಸೂಲು ಮಾಡುತ್ತಿತ್ತು. ಅಲ್ಲಿನ ಭಾರತೀಯರು ಬಿಡದೆ ಕೂಗೆಬ್ಬಿಸಿದ ಮೇಲೆ, 2019ರ ಜನವರಿಯಲ್ಲಿ ತೂಕ ನೋಡುವುದನ್ನು ಬಿಟ್ಟು, ದೊಡ್ಡವರಿಗೆ 1,500 ದಿರ್ಹಮ್, 12 ವರ್ಷದೊಳಗಿನ ಮಕ್ಕಳಿಗೆ 750 ದಿರ್ಹಮ್ ಎಂದು ಒಂದೇ ದರ ಗೊತ್ತುಮಾಡಿತು.

ಯಾರೂ ಕೂಗೆಬ್ಬಿಸದ ವಿಷಯ ಇನ್ನೊಂದಿದೆ. ಅದು ನಡುವೆ ಬರುವ ಆ ಕಾಗದ. ಮನೆಯವರ ಸಹಿ ಕೇಳುವ ಆ ಕಾಗದ ಮನೆಯವರಿಗೆ ಬಾರದ ಭಾಷೆಯಲ್ಲಿರುತ್ತದೆ. 'ಕಚೇರಿ ಕೆಲಸ ಅಂದಮೇಲೆ ಇಂಗ್ಲಿಷ್ ಇದ್ದದ್ದೇ' ಎಂದು ಎಲ್ಲರೂ ಅದನ್ನು ಒಂದು ಸಣ್ಣ ತೊಡಕಿನ ಲೆಕ್ಕಕ್ಕೆ ಹಾಕಿಬಿಟ್ಟಿದ್ದಾರೆ. ಆದರೆ ಓದಲಾಗದ ಕಾಗದಕ್ಕೆ ಹಾಕಿಸಿಕೊಂಡ ಸಹಿ ಒಪ್ಪಿಗೆ ಆಗುವುದಿಲ್ಲ. ಅದನ್ನು ಒಪ್ಪಿಗೆ ಎಂದು ಕರೆಯುವ ಅಭ್ಯಾಸವನ್ನು ನಿಲ್ಲಿಸಬೇಕು.

ದೇಹದ ಜೊತೆ ಓಡಾಡುವ ಕಾಗದಗಳು ಒಂದೆರಡಲ್ಲ. ಆಸ್ಪತ್ರೆಯ ವರದಿ, ಅಲ್ಲಿನ ಸರ್ಕಾರದ ಮರಣ ಪ್ರಮಾಣಪತ್ರ, ಪೊಲೀಸರ ಅನುಮತಿ, ರದ್ದು ಮಾಡಿದ ಪಾಸ್‌ಪೋರ್ಟು, ಭಾರತೀಯ ರಾಯಭಾರ ಕಚೇರಿಯ ಎನ್‌ಒಸಿ, ದೇಹ ಕೆಡದಂತೆ ಔಷಧಿ ಏರಿಸಿದ್ದಕ್ಕೆ ಎಂಬಾಮಿಂಗ್ ಸರ್ಟಿಫಿಕೇಟು, ವಿಮಾನದ ಸರಕಿನ ರಸೀದಿ. ಶವಪೆಟ್ಟಿಗೆಗೆ ವಿಮಾನ ಸಾಗಣೆಯವರು ಇಟ್ಟುಕೊಂಡ ಮೂರಕ್ಷರದ ಗುರುತೇ ಇದೆ: 'ಎಚ್‌ಯುಎಂ'. ಇವೆಲ್ಲ ಕಚೇರಿ ಕಚೇರಿಗಳ ನಡುವಿನ ವ್ಯವಹಾರ. ಇಂಗ್ಲಿಷಿನಲ್ಲೋ ಅರಬ್ಬಿಯಲ್ಲೋ ಇದ್ದರೆ ಇರಲಿ.

ಒಂದು ಕಾಗದ ಮಾತ್ರ ಹಾಗಲ್ಲ. ಸೌದಿ ಅರೇಬಿಯಾದಲ್ಲಿ ಸತ್ತವರ ದೇಹ ಊರಿಗೆ ಬರಬೇಕಾದರೂ, ಅಲ್ಲೇ ಮಣ್ಣಾಗಬೇಕಾದರೂ ವಾರಸುದಾರರು ಊರಿನಲ್ಲಿ ನೋಟರಿ ಎದುರು ಪವರ್ ಆಫ್ ಅಟಾರ್ನಿ ಬರೆದುಕೊಡಬೇಕು. ದೇಹವನ್ನು ಏನು ಮಾಡಬೇಕು, ಅದನ್ನು ಮಾಡುವ ಅಧಿಕಾರ ಯಾರಿಗೆ ಎಂಬುದು ಆ ಕಾಗದದಲ್ಲಿ ತೀರ್ಮಾನವಾಗುತ್ತದೆ. ದೇಹ ಕಳಿಸುವ ಅಧಿಕಾರ ಮಾತ್ರವೋ, ಬಾಕಿ ಸಂಬಳ, ಪರಿಹಾರಗಳನ್ನು ಪಡೆಯುವ ಅಧಿಕಾರವೂ ಅದರೊಳಗೆ ಸೇರಿದೆಯೋ ಎಂಬುದು ಓದಿದರೆ ಮಾತ್ರ ಗೊತ್ತಾಗುವ ಸಂಗತಿ.

ಈ ಸಹಿಯ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಅಲ್ಲಿನ ಕಾನೂನು ನೋಡಬೇಕು. ಸೌದಿಯ ಕಾರ್ಮಿಕ ಕಾನೂನಿನ 40ನೇ ಕಲಮಿನ ಪ್ರಕಾರ, ಸತ್ತ ಕೆಲಸಗಾರನ ದೇಹವನ್ನು ಸಿದ್ಧಪಡಿಸಿ ಅವನನ್ನು ಕೆಲಸಕ್ಕೆ ಕರೆತಂದ ಜಾಗಕ್ಕೆ ಕಳಿಸುವ ಖರ್ಚು ಮಾಲೀಕನದು. ಅದೇ ಕಲಮಿನಲ್ಲಿ ಒಂದು ಬಿಡುಗಡೆಯ ಬಾಗಿಲೂ ಇದೆ: ಮನೆಯವರ ಒಪ್ಪಿಗೆಯ ಮೇಲೆ ದೇಹವನ್ನು ಅಲ್ಲೇ ಹೂಳಿದರೆ ಕಳಿಸುವ ಹೊಣೆ ಇಲ್ಲ. ಯುಎಇ ಕಾನೂನು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ: ಮನೆಯವರು ಕೇಳಿಕೊಂಡರೆ ಮಾಲೀಕ ಖರ್ಚು ಭರಿಸಬೇಕು. ಒಂದು ಕಡೆ ಮನೆಯವರ ಒಪ್ಪಿಗೆ, ಇನ್ನೊಂದು ಕಡೆ ಮನೆಯವರ ಕೋರಿಕೆ. ಎರಡೂ ದೇಶಗಳ ಕಾನೂನು ಕೊನೆಗೆ ಬಂದು ನಿಲ್ಲುವುದು ಊರಿನ ಹೆಂಗಸೊಬ್ಬಳ ಮಾತಿನ ಮೇಲೆ. ಆ ಮಾತನ್ನು ಅವಳ ಭಾಷೆಯಲ್ಲಿ ಕೇಳುವ ವ್ಯವಸ್ಥೆ ಮಾತ್ರ ಯಾರೂ ಮಾಡಿಲ್ಲ.

ಸಿಂಧನೂರು ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಗಂಡ ದಮ್ಮಾಮಿನ ಒಂದು ಕಂಪನಿಯಲ್ಲಿ ವೆಲ್ಡರ್. ಹೆಂಡತಿ ಐದನೇ ಇಯತ್ತೆಗೆ ಶಾಲೆ ಬಿಟ್ಟವಳು. ಮೈದುನನ ವಾಟ್ಸಾಪಿಗೆ ಪಿಡಿಎಫ್ ಬರುತ್ತದೆ. ಅದರಲ್ಲಿ ಎರಡು ಸಾಲುಗಳಿವೆ, ಒಂದು ಊರಿಗೆ ಕಳಿಸುವುದಕ್ಕೆ, ಇನ್ನೊಂದು ಅಲ್ಲೇ ಹೂಳುವುದಕ್ಕೆ, ಬೇಡದ್ದನ್ನು ಹೊಡೆದುಹಾಕಬೇಕು. ಫೋನಿನಲ್ಲಿ ಒಬ್ಬರು ಹೇಳುತ್ತಾರೆ: 'ಅಕ್ಕಾರ, ಇಲ್ಲಿ ಒಂದು ಸಹಿ ಮಾಡ್ರಿ, ಉಳಿದದ್ದು ನಾವ್ ನೋಡ್ಕೋತೀವಿ.' ಹೇಳುವವರು ಒಳ್ಳೆಯವರೇ ಇರಬಹುದು. ಆದರೆ ಯಾವ ಸಾಲು ಹೊಡೆದಿದೆ, ಯಾವುದು ಉಳಿದಿದೆ ಎಂದು ಸಹಿ ಮಾಡುವವಳಿಗೆ ತಿಳಿಯದು. ಆ ಮನೆಯವರು ತಮ್ಮವರನ್ನು ಹೊಲದ ಬದುವಿನಲ್ಲಿ, ಅಪ್ಪನ ಸಮಾಧಿಯ ಪಕ್ಕದಲ್ಲಿ ಇಡುವವರೇ ಆಗಿರಲಿ, ಬೆಂಕಿಗೆ ಕೊಡುವವರೇ ಆಗಿರಲಿ, ವ್ಯತ್ಯಾಸ ದೊಡ್ಡದು. ಸೌದಿಯಲ್ಲಿ ಶವ ಸುಡುವುದಕ್ಕೆ ಅವಕಾಶವೇ ಇಲ್ಲ. ಅಲ್ಲೇ ಎಂದರೆ ಮಣ್ಣೇ.

ಅಲ್ಲೇ ಮಣ್ಣು ಮಾಡಿ ಎಂದು ಮನಸಾರೆ ಹೇಳುವ ಮನೆಗಳೂ ಇವೆ. ಮಕ್ಕಾ ಮದೀನಾಗಳಿರುವ ನೆಲದಲ್ಲಿ ತಮ್ಮವರು ಮಲಗಿದ್ದಾರೆ ಎಂಬುದು ಕರಾವಳಿಯ, ಕಲಬುರಗಿಯ ಎಷ್ಟೋ ಮುಸ್ಲಿಂ ಕುಟುಂಬಗಳಿಗೆ ಸಮಾಧಾನ ಕೊಡುವ ಸಂಗತಿ. ದೇಹಕ್ಕೆ ತಡಮಾಡಬಾರದೆಂಬುದೂ ಅವರ ನಂಬಿಕೆ. ಅಂಥ ಒಪ್ಪಿಗೆಯ ಬಗ್ಗೆ ಯಾರೂ ಆಕ್ಷೇಪ ಎತ್ತಬೇಕಿಲ್ಲ. ಆದರೆ ಆ ಒಪ್ಪಿಗೆಗೆ ಬೆಲೆ ಬರುವುದು ತಿಳಿದು ಕೊಟ್ಟಾಗ ಮಾತ್ರ.

ಭಾರತ ಸರ್ಕಾರಕ್ಕೆ ಇವರಿಗೆಲ್ಲ ಇಂಗ್ಲಿಷ್ ಬರುವುದಿಲ್ಲವೆಂದು ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. 1983ರ ವಲಸೆ ಕಾಯ್ದೆಯಡಿ ಕೆಲವರ ಪಾಸ್‌ಪೋರ್ಟಿಗೆ 'ಇಸಿಆರ್' ಎಂಬ ಗುರುತು ಬೀಳುತ್ತದೆ. ಮುಖ್ಯವಾಗಿ ಹತ್ತನೇ ತರಗತಿ ಪಾಸಾಗದವರಿಗೆ ಬೀಳುವ ಗುರುತು ಅದು. ಅಂಥವರು ಗಲ್ಫಿನ ಆರೂ ದೇಶಗಳು ಸೇರಿದಂತೆ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕು, ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಮಾಡಿಸಲೇಬೇಕು. ಅಪಘಾತದಲ್ಲಿ ಸತ್ತರೆ 10 ಲಕ್ಷ ರೂಪಾಯಿ ಕೊಡುವ ವಿಮೆ ಅದು. ಓದು ಕಡಿಮೆ, ಮೋಸ ಹೋಗಬಹುದು, ಆದ್ದರಿಂದ ರಕ್ಷಣೆ ಬೇಕು ಎಂಬುದೇ ಈ ಏರ್ಪಾಡಿನ ತರ್ಕ. ಒಳ್ಳೆಯ ತರ್ಕವೇ. ಹೋಗುವಾಗ 'ನಿನಗೆ ಓದು ಸಾಲದು' ಎಂದು ಪಾಸ್‌ಪೋರ್ಟಿನ ಮೇಲೆ ಗುರುತು ಹಾಕಿದ ಸರ್ಕಾರವೇ, ಅವನು ಸತ್ತ ಮೇಲೆ ಅವನ ಹೆಂಡತಿಯ ಮುಂದೆ ಇಂಗ್ಲಿಷ್ ಕಾಗದ ಹಿಡಿದು ಸಹಿ ಕೇಳುತ್ತದೆ.

ಇದರಲ್ಲಿ ಇನ್ನೊಂದು ವಿಚಿತ್ರವಿದೆ. ಹಣದ ಕ್ಲೇಮಿಗೆ ವಾರಸುದಾರರು ಯಾರೆಂದು ತೋರಿಸಬೇಕು. ಅದಕ್ಕೆ ನಾಡಕಚೇರಿಯಿಂದ ವಂಶವೃಕ್ಷ ತರಬೇಕು. ವಂಶವೃಕ್ಷ ಕನ್ನಡದಲ್ಲಿರುತ್ತದೆ. ಕೂಡಲೇ ಅದು ಇಂಗ್ಲಿಷಿಗೆ, ಅಲ್ಲಿಂದ ಅರಬ್ಬಿಗೆ ಅನುವಾದ ಆಗಬೇಕು, ಅನುವಾದಕ್ಕೆ ಮೊಹರು ಬೀಳಬೇಕು, ಅದರ ಖರ್ಚು ಮನೆಯವರದು. ಅಧಿಕಾರಿಗೆ ಕನ್ನಡ ಅರ್ಥವಾಗದಿದ್ದರೆ ಅನುವಾದ ಕಡ್ಡಾಯ. ಮನೆಯವರಿಗೆ ಇಂಗ್ಲಿಷ್ ಅರ್ಥವಾಗದಿದ್ದರೆ ಅದು ಅವರ ಹಣೆಬರಹ. ಅನುವಾದ ಮೇಲಕ್ಕೆ ಹತ್ತುತ್ತದೆ, ಕೆಳಕ್ಕೆ ಇಳಿಯುವುದಿಲ್ಲ.

ಇದಕ್ಕೆ ಬರುವ ಉತ್ತರಗಳು ಗೊತ್ತಿರುವವೇ. ಮೊದಲನೆಯದು, 'ದೇಹ ಶೈತ್ಯಾಗಾರದಲ್ಲಿ ಕಾಯುತ್ತಿರುವಾಗ ಭಾಷೆಯ ತಕರಾರು ತೆಗೆದರೆ ಇನ್ನೂ ತಡವಾಗುತ್ತದೆ.' ಸೌದಿಯಿಂದ ದೇಹ ಬರುವುದಕ್ಕೆ ವಾರಗಳೇ ಹಿಡಿಯುವುದುಂಟು. ಸಾವಿನ ಬಗ್ಗೆ ತನಿಖೆಯಿದ್ದರೆ ತಿಂಗಳುಗಳೂ ಆಗುತ್ತವೆ. ಒಂದು ಪುಟ ಓದಿ ಹೇಳುವುದಕ್ಕೆ ಬೇಕಾದದ್ದು ಹತ್ತು ನಿಮಿಷ. ಈ ಪತ್ರವನ್ನು ಪ್ರತಿ ಸಲ ಹೊಸದಾಗಿ ಬರೆಯುವ ಅಗತ್ಯವೂ ಇಲ್ಲ. ಮಾದರಿ ಒಂದೇ, ಬದಲಾಗುವುದು ಹೆಸರು, ಪಾಸ್‌ಪೋರ್ಟ್ ನಂಬರು, ತಾರೀಕು. ಒಂದು ಸಲ ಕನ್ನಡಿಸಿಟ್ಟರೆ ಸಾಕು. ತಡ ತಪ್ಪಿಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೂ ಅಲ್ಲ. ಹೊರದೇಶದಿಂದ ಬರುವ ಮೃತದೇಹಗಳಿಗೆ ವಿಮಾನ ನಿಲ್ದಾಣದ ಆರೋಗ್ಯಾಧಿಕಾರಿಗಳ ಅನುಮತಿ ಬೇಗ ಸಿಗಲೆಂದು ಕೇಂದ್ರ ಆರೋಗ್ಯ ಸಚಿವಾಲಯ 2023ರ ಆಗಸ್ಟಿನಲ್ಲಿ 'ಇ-ಕೇರ್' ಎಂಬ ಜಾಲತಾಣವನ್ನೇ ತೆರೆದಿದೆ. ಮನಸ್ಸಿದ್ದರೆ ಆಗುತ್ತದೆ.

ಎರಡನೆಯದು, 'ಇಂಥ ಕಾನೂನಿನ ಕಾಗದ ಕನ್ನಡದಲ್ಲಿ ಬರೆಯಲಾಗದು, ಶಬ್ದಗಳಿಲ್ಲ.' ಇದನ್ನು ಹೇಳುವವರು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿಲ್ಲ. ವಾರಸು, ಹಕ್ಕು, ಬಾಕಿ, ಕರಾರು, ಜಾಮೀನು, ರಾಜಿ, ತಾರೀಕು: ಇವೆಲ್ಲ ಅರಬ್ಬಿಯಿಂದ ಹೊರಟು, ಪಾರಸಿ ಆಡಳಿತದ ದಾರಿಯಲ್ಲಿ ಶತಮಾನಗಳ ಹಿಂದೆಯೇ ಕನ್ನಡಕ್ಕೆ ಬಂದ ಶಬ್ದಗಳು. ಸೌದಿಯ ಕಚೇರಿಯಲ್ಲಿ ಪವರ್ ಆಫ್ ಅಟಾರ್ನಿಗೆ 'ವಕಾಲಾ' ಎನ್ನುತ್ತಾರೆ. ಸಿಂಧನೂರಿನ ಕೋರ್ಟಿನಲ್ಲಿ ದಿನವೂ ಕೇಳುವ 'ವಕಾಲತ್ತು' ಅದೇ ಶಬ್ದ. ಅರಬ್ಬಿ ಕಾಗದಕ್ಕೂ ಕನ್ನಡ ಮನೆಗೂ ಶಬ್ದದ ನಂಟು ಇದೆ. ನಡುವೆ ನಿಂತಿರುವುದು ಇಂಗ್ಲಿಷ್ ಒಂದೇ.

ಮೂರನೆಯದು, 'ಅಲ್ಲಿ ಸಮಾಜ ಸೇವಕರಿದ್ದಾರೆ, ಎಲ್ಲ ಅವರೇ ನೋಡಿಕೊಳ್ಳುತ್ತಾರೆ.' ಇದ್ದಾರೆ. ಸ್ವಂತ ಕೆಲಸ ಬಿಟ್ಟು ಶವಾಗಾರದಿಂದ ಪೊಲೀಸ್ ಠಾಣೆಗೆ, ಅಲ್ಲಿಂದ ರಾಯಭಾರ ಕಚೇರಿಗೆ ಅಲೆಯುವ ಅವರ ಋಣ ದೊಡ್ಡದು. ಆದರೆ ಒಬ್ಬರ ದಯೆಯ ಮೇಲೆ ನಿಂತಿರುವ ವ್ಯವಸ್ಥೆ ಹಕ್ಕಿನ ಜಾಗ ತುಂಬಲಾರದು. ದಯೆಯುಳ್ಳವರು ಸಿಗದ ಊರಿನಲ್ಲಿ ಸತ್ತವನ ಗತಿ ಏನು? ಸಹಿ ಹಾಕಿಸಿಕೊಳ್ಳುವವರು ಮಾಲೀಕನ ಕಡೆಯವರೇ ಆಗಿದ್ದರೆ, ಖರ್ಚು ಉಳಿಸುವ ಸಾಲನ್ನು ಓದಿ ಹೇಳುವವರು ಯಾರು?

ಕರ್ನಾಟಕದಲ್ಲಿ ಒಂದು ಗುಂಟೆ ಜಮೀನು ಮಾರಿದರೂ ಪತ್ರ ಕನ್ನಡದಲ್ಲಿ ಬರೆಸುತ್ತಾರೆ. ಕೊನೆಯಲ್ಲಿ ಓದಿಸಿ ಕೇಳಿ ಒಪ್ಪಿದ್ದೇನೆ ಎಂಬ ಮಾತು ಇರುತ್ತದೆ, ಸಾಕ್ಷಿಗಳ ಸಹಿ ಇರುತ್ತದೆ. ಒಂದು ಗುಂಟೆ ನೆಲಕ್ಕೆ ಇರುವ ಎಚ್ಚರ ಗಂಡನ ದೇಹಕ್ಕೆ ಬೇಡವೇ?

ಬೇಕಾದದ್ದು ಹೆಚ್ಚೇನಿಲ್ಲ. ವಿದೇಶಾಂಗ ಸಚಿವಾಲಯ ಈ ಪತ್ರದ ಮಾದರಿಯನ್ನು ಕನ್ನಡದಲ್ಲೂ ಉಳಿದ ಭಾರತೀಯ ಭಾಷೆಗಳಲ್ಲೂ ಇಂಗ್ಲಿಷಿನ ಪಕ್ಕದಲ್ಲೇ ಅಚ್ಚು ಹಾಕಲಿ. ಕಳಿಸುವುದು, ಹೂಳುವುದು ಎಂಬ ಎರಡು ಸಾಲುಗಳನ್ನು ಒಂದೇ ಹಾಳೆಯಲ್ಲಿ ಬೆರೆಸದೆ ಎರಡು ಬೇರೆ ಪತ್ರ ಮಾಡಲಿ. ಓದಿ ಹೇಳಿದ್ದೇನೆ ಎಂದು ನೋಟರಿ ಬರೆಯುವುದು ಕಡ್ಡಾಯವಾಗಲಿ. ಹಣವಿಲ್ಲದ ಮನೆಗಳ ದೇಹ ತರಿಸಲು ರಾಯಭಾರ ಕಚೇರಿಗಳಲ್ಲಿ 2009ರಿಂದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಇದೆ. ಅದನ್ನು ಕೇಳುವ ಅರ್ಜಿಯೂ ಅದೇ ಪತ್ರದ ಬೆನ್ನಿಗಿರಲಿ. ಅನಿವಾಸಿಗಳಿಗೆಂದು ಕೇರಳದಲ್ಲಿ 1996ರಿಂದ 'ನೋರ್ಕಾ' ಎಂಬ ಇಲಾಖೆಯೇ ಇದೆ, ವಿಮಾನ ನಿಲ್ದಾಣದಿಂದ ಮನೆವರೆಗೆ ಉಚಿತ ಆಂಬುಲೆನ್ಸ್ ಕೊಡುವಷ್ಟು ಅದು ಬೆಳೆದಿದೆ. ಕರ್ನಾಟಕ ಸರ್ಕಾರ ಪ್ರತಿ ಜಿಲ್ಲಾಧಿಕಾರಿ ಕಚೇರಿಯಲ್ಲಿ ಈ ಪತ್ರ ಓದಿ ಹೇಳುವ ಒಬ್ಬರನ್ನಾದರೂ ಗೊತ್ತುಮಾಡಲಿ.

ಸರ್ಕಾರ ಮಾಡುವವರೆಗೆ ಹೊರನಾಡಿನ ಕನ್ನಡಿಗರು ಸುಮ್ಮನೆ ಕೂರಬೇಕಿಲ್ಲ. ರಾಯಚೂರು, ಬೀದರ್ ಕಡೆಯ ಮನೆಗಳು ಶವಪೆಟ್ಟಿಗೆ ಬಿಡಿಸಿಕೊಳ್ಳುವುದು ಹೆಚ್ಚಾಗಿ ಹೈದರಾಬಾದಿನಲ್ಲಿ. ಮುಂಬಯಿಗೆ ಬಂದಿಳಿಯುವವೂ ಇವೆ. ಆ ಊರುಗಳ ಕನ್ನಡ ಸಂಘಗಳಲ್ಲಿ ವಕೀಲರಿದ್ದಾರೆ, ಅನುವಾದಕರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ. ಪುಣೆಯಲ್ಲಿ ಮರಾಠಿ ಕರಾರಿಗೋ ಚೆನ್ನೈಯಲ್ಲಿ ತಮಿಳು ಅರ್ಜಿಗೋ ಪಕ್ಕದವರ ಮಾತು ನಂಬಿ ಸಹಿ ಮಾಡಿದ ಅನುಭವ ಅಲ್ಲಿ ಯಾರಿಗಿಲ್ಲ? ಅಲ್ಲಿ ಹೋಗುವುದು ಡಿಪಾಸಿಟ್ ಹಣ, ಇಲ್ಲಿ ಹೋಗುವುದು ಮನುಷ್ಯನನ್ನು ಕೊನೆಯ ಸಲ ನೋಡುವ ಅವಕಾಶ. ಪತ್ರದ ಒಂದು ನೆಟ್ಟಗಿನ ಕನ್ನಡ ಪ್ರತಿ, ಫೋನಿನಲ್ಲಿ ಅದನ್ನು ಓದಿ ಹೇಳುವ ನಾಲ್ಕು ಜನ, ಸಂಘದ ನೋಟಿಸ್ ಬೋರ್ಡಿನ ಮೇಲೆ ಒಂದು ನಂಬರು ಇದ್ದರೆ ಕೆಲಸ ಶುರುವಾಗುತ್ತದೆ.

ಸಾವನ್ನು ತಡೆಯುವುದು ಯಾರ ಕೈಯಲ್ಲೂ ಇಲ್ಲ. ಸಹಿ ಕೇಳುವ ಮೊದಲು ಕಾಗದವನ್ನು ಓದಿ ಹೇಳುವುದು ಎಲ್ಲರ ಕೈಯಲ್ಲಿದೆ.