ದಾರಿ ಬಿಡಿಸಿದವರೂ ವೀರರೇ

ಪರಮವೀರ ಚಕ್ರ ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಬಂದೂಕು ಹಿಡಿದು ನುಗ್ಗುವ ಯೋಧ. ಆದರೆ ಆ ಪದಕವನ್ನು ಬದುಕಿದ್ದಾಗಲೇ ಪಡೆದ ಮೊದಲಿಗರಲ್ಲಿ ಒಬ್ಬರಾದ ರಾಮ ರಾಘೋಬಾ ರಾಣೆ ಮಾಡಿದ ಕೆಲಸವೇನು ಗೊತ್ತೇ? ನೆಲಬಾಂಬು ತೆಗೆದದ್ದು, ಅಡ್ಡ ಕೆಡವಿದ್ದ ಮರಗಳನ್ನು ಸಿಡಿಸಿದ್ದು, ರಸ್ತೆ ಮಾಡಿದ್ದು!

ರಾಣೆಯವರು ಕಾರವಾರದ ಹತ್ತಿರದ ಚೆಂಡಿಯಾ ಊರಿನವರು. ತಂದೆ ಪೊಲೀಸ್ ಪೇದೆ. 1940ರಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೈನ್ಯದ ಬಾಂಬೆ ಇಂಜಿನಿಯರ್ಸ್ ಸೇರಿದರು, ಬರ್ಮಾ ಯುದ್ಧ ಕಂಡರು, 1947ರ ಡಿಸೆಂಬರಿನಲ್ಲಿ ಅಧಿಕಾರಿಯಾದರು.

1948ರ ಏಪ್ರಿಲ್. ಕಾಶ್ಮೀರ ಯುದ್ಧದಲ್ಲಿ ನಮ್ಮ ಸೈನ್ಯ ನೌಶೇರಾದಿಂದ ರಾಜೌರಿಗೆ ಹೊರಟಿತ್ತು. ದಾರಿಯಲ್ಲಿ ನೆಲಬಾಂಬು, ಒಡೆದ ಮೋರಿ, ಕಡಿದು ಕೆಡವಿದ ಪೈನ್ ಮರಗಳು. 8ರಂದು ಕೆಲಸ ಶುರುವಾಗುವ ಮೊದಲೇ ಮಾರ್ಟರ್ ಗುಂಡು ಬಿದ್ದು ತಂಡದ ಇಬ್ಬರು ಸತ್ತರು, ರಾಣೆಯವರೂ ಸೇರಿ ಐವರಿಗೆ ಗಾಯ. ಆದರೂ ಅವರು ಹಿಂದೆ ಸರಿಯಲಿಲ್ಲ. ಉಳಿದವರನ್ನು ಕೂಡಿಸಿಕೊಂಡು ಮಷಿನ್‌ಗನ್ ಗುಂಡಿನ ನಡುವೆಯೇ ಕೆಲಸಕ್ಕಿಳಿದರು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು 10ನೇ ತಾರೀಖಿನ ಕೆಲಸ. ಬೆಳಗಿನ ಜಾವವೇ ಶುರುಮಾಡಿ ಹತ್ತೂವರೆ ಹೊತ್ತಿಗೆ ಟ್ಯಾಂಕುಗಳಿಗೆ ದಾರಿ ಬಿಡಿಸಿದರು. ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕಿಳಿದು ಮಧ್ಯಾಹ್ನ ಚಿಂಗಸ್ ತಲುಪಿದವು. ಇನ್ನೇನು, ಕೆಲಸ ಮುಗಿಯಿತಲ್ಲ ಎನ್ನಬಹುದಿತ್ತು. ಆದರೆ ಹಿಂದೆ ಬರುವ ಸರಬರಾಜಿನ ಗಾಡಿಗಳಿಗೆ ರಸ್ತೆಯೇ ಬೇಕಲ್ಲ! ಗಾಯಗೊಂಡ ಆ ಮನುಷ್ಯ ಅನ್ನ, ವಿಶ್ರಾಂತಿ ಇಲ್ಲದೆ ರಾತ್ರಿ 9ರವರೆಗೆ ದುಡಿದರು. ಮರುದಿನ ಬೆಳಿಗ್ಗೆ 6ಕ್ಕೆ ಮತ್ತೆ ಹಾಜರು. 11ಕ್ಕೆ ಚಿಂಗಸ್‌ವರೆಗಿನ ರಸ್ತೆ ತೆರೆಯಿತು. 12ರಂದು ರಾಜೌರಿ ನಮ್ಮ ಕೈಸೇರಿತು.

ಮುಂದೆ ಹೋದವರನ್ನು ಎಲ್ಲರೂ ನೋಡುತ್ತಾರೆ. ಹಿಂದೆ ಬರುವವರ ಚಿಂತೆ ಮಾಡುವವರು ಕಡಿಮೆ. ನೆಲಬಾಂಬಿಗೆ ಯುದ್ಧ ಮುಗಿದದ್ದು ತಿಳಿಯುವುದಿಲ್ಲ. ಕಾಲಿಟ್ಟವನು ಸೈನಿಕನೋ ದನ ಕಾಯುವ ಹುಡುಗನೋ ಎಂದೂ ಅದು ಕೇಳುವುದಿಲ್ಲ. ಅದನ್ನು ಹೂಳುವುದಕ್ಕಿಂತ ತೆಗೆಯುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕು.

ರಾಣೆಯವರ ಮನೆಮಾತು ಕೊಂಕಣಿ, ಹುಟ್ಟೂರಿನ ನಾಡು ಕಾರವಾರ, 1994ರಲ್ಲಿ ಕೊನೆಯುಸಿರೆಳೆದದ್ದು ಪುಣೆಯಲ್ಲಿ. ಅವರು ನಮ್ಮವರೋ ನಿಮ್ಮವರೋ ಎಂಬ ಜಗ್ಗಾಟ ಗಡಿಯಲ್ಲಿರುವ ನಮಗೆ ಬೇಡ. ಕಾರವಾರದ ಕಡಲ ತೀರದಲ್ಲಿ ಅವರ ಪ್ರತಿಮೆ ಇದೆ. 2023ರಲ್ಲಿ ಅಂಡಮಾನಿನ ಒಂದು ದ್ವೀಪಕ್ಕೂ ಅವರ ಹೆಸರಿಟ್ಟರು. ಸಂತೋಷವೇ. ಆದರೆ ಪ್ರತಿಮೆ ತಾನಾಗಿ ಕಥೆ ಹೇಳುವುದಿಲ್ಲ, ಅದನ್ನು ಹೇಳಬೇಕಾದವರು ನಾವು. ಶಿಕ್ಷಕ ಬಂಧುಗಳೇ, ಈ ಆಗಸ್ಟ್ 15ರ ಭಾಷಣದಲ್ಲಿ ಎಷ್ಟು ತಲೆ ಉರುಳಿದವು ಎಂಬ ಲೆಕ್ಕ ಸ್ವಲ್ಪ ಬದಿಗಿಟ್ಟು, ಗುಂಡಿನ ಮಳೆಯಲ್ಲಿ ರಸ್ತೆ ಮಾಡಿದವರ ಬಗ್ಗೆ ಐದು ನಿಮಿಷ ಹೇಳೋಣ. ಹೆಸರಿಲ್ಲದೆ ಹೋದ ಆ ಇಬ್ಬರನ್ನೂ ನೆನೆಯೋಣ. ಏನಂತೀರಿ?