ಮಿಲಾನಿಗಾಗಿ ಅಳುವ ನಾವು

ಬಸವೇಶ್ವರನಗರದಲ್ಲಿ ನನ್ನ ಎದುರುಮನೆಯವರು ಸಾತ್ವಿಕ ಗೃಹಸ್ಥರು. ಸಾಲವಿಲ್ಲ, ಸಿಗರೇಟಿಲ್ಲ, ಇರುವ ಚಟ ಒಂದೇ, ಇಟಲಿಯ ಕಾಲ್ಚೆಂಡಾಟ. ಅಲ್ಲಿಯ ಸಂಜೆಯ ಆಟ ನಮ್ಮ ಗಡಿಯಾರದಲ್ಲಿ ನಡುರಾತ್ರಿ ಕಳೆದ ಮೇಲೆ, ಚಳಿಗಾಲದಲ್ಲಾದರೆ ಒಂದೂಕಾಲಕ್ಕೆ, ಆರಂಭವಾಗುತ್ತದೆ. ಅಷ್ಟು ಹೊತ್ತಿಗೂ ಅವರ ಮನೆಯ ಕಿಟಕಿಯಲ್ಲಿ ದೂರದರ್ಶನದ ಬೆಳಕು ಕುಣಿಯುತ್ತಿರುತ್ತದೆ. 2025ರ ಮೇ 31ರಂದು ಮ್ಯೂನಿಕ್ಕಿನಲ್ಲಿ ಇಂಟರ್ ಮಿಲಾನ್ ತಂಡ ಪ್ಯಾರಿಸ್ಸಿನವರಿಗೆ ಐದು ಗೋಲುಗಳಿಂದ ಸೋತಾಗ, ಮರುದಿನ ಬೆಳಿಗ್ಗೆ ಅವರ ಮನೆಯಲ್ಲಿ ಕಾಫಿ ಯಾರ ಗಂಟಲಿಗೂ ಇಳಿಯಲಿಲ್ಲವಂತೆ. ಹತ್ತು ದಿನ ಕಳೆದು, ಜೂನ್ 10ರಂದು, ಹಾಂಕಾಂಗಿನಲ್ಲಿ ಭಾರತದ ತಂಡ ಕೊನೆಯ ಗಳಿಗೆಯ ಪೆನಾಲ್ಟಿಯೊಂದರಿಂದ ಸೋತಿತು. ನಾನು ಆ ಮಾತೆತ್ತಿದೆ. “ಹೌದೆ? ಆಟವಿತ್ತೆ?” ಎಂದರು. ಕಾಫಿ ಅಂದು ಚೆನ್ನಾಗಿಯೇ ಇಳಿದಿತ್ತು.

ಇದು ಅವರೊಬ್ಬರ ಮೇಲಿನ ದೂರಲ್ಲ. ರಾಜಾಜಿನಗರದಿಂದ ಕೆಂಗೇರಿಯವರೆಗೆ ಹಬ್ಬಿರುವ ನಮ್ಮ ಪಶ್ಚಿಮ ಬೆಂಗಳೂರಿನ ಸುಶಿಕ್ಷಿತರೆಲ್ಲರ ಮೇಲಿನ ದೂರು. ನನ್ನನ್ನೂ ಸೇರಿಸಿಕೊಂಡೇ ಹೇಳುತ್ತಿದ್ದೇನೆ.

ಆ ವರ್ಷ ನಮ್ಮ ಮನೆಯಂಗಳದಲ್ಲೇ ಅಳುವುದಕ್ಕೆ ಬೇಕಾದಷ್ಟಿತ್ತು. ಏಪ್ರಿಲ್ 12ರಂದು ಕಲ್ಕತ್ತೆಯಲ್ಲಿ ನಡೆದ ಲೀಗಿನ ಅಂತಿಮ ಪಂದ್ಯದಲ್ಲಿ ಬೆಂಗಳೂರು ತಂಡ ಮುಂದಿದ್ದು, ಹೆಚ್ಚುವರಿ ವೇಳೆಯಲ್ಲಿ ಮೋಹನ್ ಬಗಾನಿಗೆ 2–1ರಿಂದ ಶರಣಾಯಿತು. ಆ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಹೊಡೆದವರು ಅದೇ ತಂಡದ ಸುನಿಲ್ ಛೆಟ್ರಿ. ವಯಸ್ಸು ನಲವತ್ತು! 2024ರ ಜೂನ್‌ನಲ್ಲಿ ದೇಶದ ತಂಡಕ್ಕೆ ವಿದಾಯ ಹೇಳಿದ್ದ ಅವರನ್ನು 2025ರ ಮಾರ್ಚಿನಲ್ಲಿ ಪುನಃ ಕರೆಸಿದರು. ಅವರು ಬಂದು ಮಾಲ್ಡೀವ್ಸಿನ ಎದುರು ಗೋಲನ್ನೂ ಹೊಡೆದರು. ನಾವು ಚಪ್ಪಾಳೆ ತಟ್ಟಿದೆವು. ಹಿರಿಯನ ಸಾಮರ್ಥ್ಯಕ್ಕೆ ಚಪ್ಪಾಳೆ ಸರಿಯೆ. ಆದರೆ ಮನೆ ತುಂಬ ಮೊಮ್ಮಕ್ಕಳಿರುವಾಗ ಮೂಟೆ ಹೊರಲು ಅಜ್ಜನನ್ನೇ ಕೂಗಬೇಕಾಗಿ ಬಂತಲ್ಲ, ಆ ಮನೆಯ ಸ್ಥಿತಿಯೇನು ಎಂದು ಯಾರೂ ಕೇಳಲಿಲ್ಲ.

ಉತ್ತರ ಆ ವರ್ಷದ ಕೊನೆಯೊಳಗೆ ತಾನೇ ಬಂತು. ಅಕ್ಟೋಬರ್ 14ರಂದು ಗೋವದಲ್ಲಿ ಸಿಂಗಪುರದವರು ನಮ್ಮನ್ನು 2–1ರಿಂದ ಸೋಲಿಸಿದರು. 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶಕ್ಕೂ ಸೋತೆವು. ಇತ್ತ ಲೀಗಿನ ಒಪ್ಪಂದದ ಜಗಳದಲ್ಲಿ ಹೊಸ ಋತುವೇ ನಿಂತುಹೋಯಿತು. ಆಗಸ್ಟಿನಲ್ಲಿ ಬೆಂಗಳೂರು ಕ್ಲಬ್ಬು ಆಟಗಾರರ ಸಂಬಳ ತಡೆಹಿಡಿಯಿತು. 2025 ಮುಗಿದರೂ ಲೀಗಿನ ಚೆಂಡು ಉರುಳಲಿಲ್ಲ. ಕ್ಲಬ್ಬೂ ದೇಶವೂ ಒಂದೇ ವರ್ಷ ಒಟ್ಟಿಗೆ ಕುಸಿದವು.

“ಎಲ್ಲ ಒಕ್ಕೂಟದವರ ಪಾಪ” ಎನ್ನುವವರಿದ್ದಾರೆ. ಅವರ ಪಾಪ ಅವರದೇ. ಅದನ್ನು ನಾನು ತೊಳೆಯಹೊರಟಿಲ್ಲ. “ನೂರನಲವತ್ತು ಕೋಟಿ ಜನರಲ್ಲಿ ಹನ್ನೊಂದು ಮಂದಿ ಸಿಗಲಿಲ್ಲವೆ?” ಎನ್ನುವವರೂ ಇದ್ದಾರೆ. ಈ ಮಾತು ಕೇಳಲು ಚೆಂದ, ಆದರೆ ಪೊಳ್ಳು. ಕೋಟಿಗಳು ಆಡುವುದಿಲ್ಲ, ಆಡಲು ಜಾಗವಿರುವ ಹುಡುಗ ಆಡುತ್ತಾನೆ. ತಂಡ ಜನಗಣತಿಯ ಪುಸ್ತಕದಿಂದ ಎದ್ದು ಬರುವುದಿಲ್ಲ, ಬೀದಿಯಿಂದ ಬರುತ್ತದೆ.

ಸಾಕ್ಷಿಗಾಗಿ ದೂರ ಹೋಗಬೇಕಾಗಿಲ್ಲ, ಕಬ್ಬನ್ ಪಾರ್ಕು ದಾಟಿದರೆ ಸಾಕು. ದಂಡು ಪ್ರದೇಶದ ಇಕ್ಕಟ್ಟಾದ ಬೀದಿಗಳೇ ಈ ಊರಿನ ಕಾಲ್ಚೆಂಡಾಟದ ತವರು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಬೊಂಬಾಯಿಗೆ ಹೋಗಿ ರೋವರ್ಸ್ ಕಪ್ಪನ್ನು ಗೆದ್ದು ತಂದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ನಮ್ಮವರಲ್ಲಿ ಹಲವರು ಬರಿಗಾಲಲ್ಲಿ ಆಡಿದ ಆ ಪಂದ್ಯದಲ್ಲಿ, ಫ್ರಾನ್ಸಿನ ಎದುರು ಭಾರತದ ಗೋಲು ಹೊಡೆದವರು ಮೈಸೂರಿನ ಪರ ಆಡುತ್ತಿದ್ದ ಎಸ್. ರಾಮನ್. ಕಲ್ಕತ್ತೆಯ ಈಸ್ಟ್ ಬೆಂಗಾಲಿನ ‘ಪಂಚಪಾಂಡವ’ರಲ್ಲಿ ಒಬ್ಬರೆನಿಸಿದ ಅಹ್ಮದ್ ಖಾನ್ ಬೆಂಗಳೂರಿನವರು. 1962ರಲ್ಲಿ ಜಕಾರ್ತಾದಲ್ಲಿ ಏಷ್ಯಾಡಿನ ಚಿನ್ನ ಗೆದ್ದ ತಂಡದ ಅರುಮೈನಾಯಗಂ ಅವರೂ ಇಲ್ಲಿಯವರೇ. ಎಚ್.ಎ.ಎಲ್., ಐ.ಟಿ.ಐ. ಕಾರ್ಖಾನೆಗಳು ಆಟಗಾರನಿಗೆ ಕೆಲಸ ಕೊಟ್ಟು, ಚೆಂಡನ್ನೂ ಕೊಟ್ಟವು. ಹಲಸೂರಿನ ಪಕ್ಕದ ಗೌತಮಪುರದ ಬೀದಿಯಲ್ಲಿ ಪೆಲೆಯ ಪ್ರತಿಮೆಯೇ ನಿಂತಿದೆ. ಮೈಸೂರು ರಾಜ್ಯ ನಾಲ್ಕು ಬಾರಿ ಸಂತೋಷ್ ಟ್ರೋಫಿಯನ್ನು ಎತ್ತಿಹಿಡಿದದ್ದು ಇಂಥ ಬೀದಿಗಳ ಬಲದಿಂದ. ನಾಲ್ಕನೆಯದು 1968–69ರಲ್ಲಿ, ಐದನೆಯದಕ್ಕೆ, ಕರ್ನಾಟಕವೆಂಬ ಹೆಸರಿನಲ್ಲಿ, 2023ರ ಮಾರ್ಚಿನವರೆಗೆ ಕಾಯಬೇಕಾಯಿತು. ರಿಯಾದಿನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಐವತ್ತನಾಲ್ಕು ವರ್ಷಗಳ ಬರವನ್ನು ನೀಗಿದ ಆ ಹುಡುಗರಲ್ಲಿ ಒಬ್ಬನ ಹೆಸರನ್ನು, ಓದುಗರೇ, ಪತ್ರಿಕೆ ಕೆಳಗಿಟ್ಟು ಹೇಳಬಲ್ಲಿರಾ? ಮಿಲಾನಿನ ಹನ್ನೊಂದು ಹೆಸರುಗಳು ಸರಾಗವಾಗಿ ಬರುತ್ತವೆ!

ಪಾರ್ಕಿನ ಈಚೆಯ ನಾವು ಮಾಡಿದ್ದೇನು? ಕಾಲ್ಚೆಂಡು ದಂಡಿನವರ ಆಟ, ತಮಿಳು–ಉರ್ದು ಬೀದಿಗಳ ಆಟ, ನಮ್ಮ ಹುಡುಗರಿಗೆ ಕ್ರಿಕೆಟ್ಟು ಮತ್ತು ಟ್ಯೂಷನ್ ಎಂದು ವಿಭಾಗಪತ್ರ ಬರೆದುಕೊಂಡೆವು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ನಾಲ್ಕನೆಯ ಸ್ಥಾನ ಪಡೆದ ಭಾರತ ತಂಡದಲ್ಲಿ ಕೆಂಪಯ್ಯ ಎಂಬೊಬ್ಬರಿದ್ದರು. 1960ರಲ್ಲಿ ರೋಮಿಗೂ ಹೋದರು. ಹೌದು, ಅದೇ ಇಟಲಿಯ ರೋಮಿಗೆ. ಹೆಸರು ಕೇಳಿದರೆ ಮಾಗಡಿ ರಸ್ತೆಯ ಯಾವುದೋ ಮನೆಯ ಬಾಗಿಲಿನಿಂದ ಕರೆದಂತಿದೆ. ಆ ಹೆಸರಿನ ಮೇಲೂ ನಮಗೆ ಹಕ್ಕಿದೆಯೆಂದು ನಮಗೆ ಅನ್ನಿಸಲೇ ಇಲ್ಲ.

ಇನ್ನು ನನ್ನ ತಪ್ಪು. ನಮ್ಮ ರಸ್ತೆಯ ಕೊನೆಯಲ್ಲಿ ಒಂದು ಬಯಲಿತ್ತು. ಸಂಜೆ ಹತ್ತಾರು ಹುಡುಗರು ಇಟ್ಟಿಗೆಗಳನ್ನು ಗೋಲಾಗಿ ನಿಲ್ಲಿಸಿ ಆಡುತ್ತಿದ್ದರು. ಒಮ್ಮೆ ನನ್ನ ಕಿಟಕಿಯ ಗಾಜು ಹೋಯಿತು. ಬಡಾವಣೆಯ ಹಿರಿಯರೆಲ್ಲ ಸೇರಿ ಅರ್ಜಿ ಬರೆದೆವು: ಬಯಲನ್ನು ಪಾರ್ಕು ಮಾಡಿ, ನಡೆದಾಡಲು ಹಾದಿ ಹಾಕಿ, ಚೆಂಡಾಟ ನಿಷೇಧಿಸಿ. ಸಹಿ ಹಾಕಿದವರಲ್ಲಿ ನಾನು ಎರಡನೆಯವನು. ಈಗ ಅಲ್ಲಿ ಅಂದವಾದ ಬೇಲಿಯಿದೆ, ಗೇಟಿದೆ, ಬೀಗವಿದೆ. ಮಧ್ಯಾಹ್ನದಿಂದ ಸಂಜೆಯವರೆಗೆ, ಅಂದರೆ ಶಾಲೆ ಬಿಡುವ ಹೊತ್ತಿನಲ್ಲೇ, ಬೀಗ ಹಾಕಿರುತ್ತದೆ. ಆ ಹುಡುಗರಲ್ಲಿ ಎಡಗಾಲಿನವನೊಬ್ಬನಿದ್ದ. ಚೆಂಡು ಅವನ ಮಾತು ಕೇಳುತ್ತಿತ್ತು. ಅವನು ಭಾರತಕ್ಕೆ ಆಡುತ್ತಿದ್ದನೆಂದು ನಾನು ಹೇಳುವುದಿಲ್ಲ. ಆಡುತ್ತಿರಲಿಲ್ಲವೆಂದು ತೀರ್ಪು ಕೊಡುವ ಅಧಿಕಾರವನ್ನು ಮಾತ್ರ ಒಂದು ಕಿಟಕಿಯ ಗಾಜು ನನಗೆ ಕೊಟ್ಟಿತು. ಇಂದು ಹುಲ್ಲಿನಂಥ ಪ್ಲಾಸ್ಟಿಕ್ ಹಾಸಿದ ‘ಟರ್ಫ್’ಗಳು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತವೆ. ಅವನಂಥ ಹುಡುಗ ಬಲೆಯ ಆಚೆ ನಿಂತು ನೋಡಬಹುದು, ನೋಡುವುದಕ್ಕೆ ಬಾಡಿಗೆಯಿಲ್ಲ.

ಇಟಲಿಯ ಕಥೆಯೂ ಬೇರೆಯಲ್ಲ. ನಾಲ್ಕು ಸಲ ವಿಶ್ವಕಪ್ ಗೆದ್ದ ಆ ದೇಶ 2018ರ ವಿಶ್ವಕಪ್ಪಿಗೂ ಹೋಗಲಾಗಲಿಲ್ಲ, 2022ರದಕ್ಕೂ ಹೋಗಲಾಗಲಿಲ್ಲ. 2022ರ ಮಾರ್ಚಿನಲ್ಲಿ ಪಲೆರ್ಮೊದಲ್ಲಿ ಅದನ್ನು ಸೋಲಿಸಿದ್ದು ಪುಟ್ಟ ಉತ್ತರ ಮ್ಯಾಸಿಡೋನಿಯ. ಕ್ಲಬ್ಬುಗಳು ಶ್ರೀಮಂತವಾಗಿಯೇ ಇದ್ದವು. ಚರ್ಚಿನ ಅಂಗಳದಲ್ಲಿ, ಬೀದಿಯಲ್ಲಿ ಆಡುತ್ತಿದ್ದ ಹುಡುಗರು ಎಲ್ಲಿ ಹೋದರು ಎಂದು ಅಲ್ಲಿಯವರು ಕೇಳಿಕೊಂಡರು. ಇದನ್ನೆಲ್ಲ ನನಗೆ ಅರ್ಧ ಗಂಟೆ ವಿವರಿಸಿ ಹೇಳಿದವರು ಎದುರುಮನೆಯವರೇ. ವಿವರಿಸುವಾಗ ಅವರ ಬೆರಳಿನಲ್ಲಿ ಒಂದು ಕೀಲಿಗೊಂಚಲು ತಿರುಗುತ್ತಿತ್ತು. ನಮ್ಮ ಪಾರ್ಕಿನ ಸಮಿತಿಗೆ ಅವರೇ ಕಾರ್ಯದರ್ಶಿ.

ನಾನು ಕೇಳುವುದು ದೊಡ್ಡದೇನಲ್ಲ. ಉದ್ಯಾನ, ಆಟದ ಮೈದಾನ, ಬಯಲುಗಳನ್ನು ಕಾಪಾಡಲು 1985ರಲ್ಲೇ ನಮ್ಮ ರಾಜ್ಯದಲ್ಲಿ ಕಾಯಿದೆ ಬಂದಿದೆ. ಕಾಯಿದೆ ಬಯಲನ್ನು ಕಾಯಬಲ್ಲದು. ಆಡುವವನನ್ನು ನಾವು ಕಾಯಬೇಕು. ಸಂಜೆ ಎರಡು ಗಂಟೆ ಪ್ರತಿ ಬಡಾವಣೆಯ ಒಂದು ಬಯಲು ಪುಕ್ಕಟೆಯಾಗಿ ಮಕ್ಕಳದಾಗಲಿ. ಭಾನುವಾರ ಶಾಲೆಗಳ ಅಂಗಳ ತೆರೆದಿರಲಿ. ಒಡೆದ ಗಾಜಿಗೆ ನಾವೇ ಚಂದಾ ಎತ್ತೋಣ. ಕೆಂಗೇರಿಯಿಂದಲೂ ವಿಜಯನಗರದಿಂದಲೂ ನೇರಳೆ ಮಾರ್ಗದ ಮೆಟ್ರೊ ಒಂದೇ ಓಟದಲ್ಲಿ ಕಬ್ಬನ್ ಪಾರ್ಕಿಗೆ ಒಯ್ಯುತ್ತದೆ. ಅಲ್ಲಿಂದ ಕಂಠೀರವಕ್ಕೆ ನಡೆದೇ ಹೋಗಬಹುದು. ಮ್ಯೂನಿಕ್ಕಿಗಾಗಿ ನಿದ್ದೆಗೆಡುವವರಿಗೆ ಇದು ದೂರವಲ್ಲ.

ಎದುರುಮನೆಯವರಿಗೆ ಮೊನ್ನೆ ಇಷ್ಟನ್ನೂ ಹೇಳಿದೆ. “ಹುಡುಗರು ಗಲಾಟೆ ಮಾಡುತ್ತಾರಲ್ಲ ಸ್ವಾಮಿ” ಎಂದರು. ಮಾಡಲಿ. ಮಿಲಾನಿನ ಮೈದಾನದಲ್ಲಿ ನಡುರಾತ್ರಿ ಎಪ್ಪತ್ತು ಸಾವಿರ ಜನ ಮಾಡುವ ಗಲಾಟೆಯನ್ನು ಅವರು ಕಿವಿಯಾರೆ ಕೇಳುತ್ತಾರೆ. ಹತ್ತು ಹುಡುಗರದು ಹೆಚ್ಚಾಯಿತೆ? ಅವರು ಮಿಲಾನಿಗಾಗಿ ಅಳಲಿ, ನನ್ನ ಆಕ್ಷೇಪಣೆಯಿಲ್ಲ. ಮೊದಲು ಆ ಕೀಲಿಯನ್ನು ಕೆಳಗಿಡಲಿ. ಅರ್ಜಿಯ ಮೇಲಿನ ಎರಡನೆಯ ಸಹಿಯನ್ನು ನಾನು ಈ ಮೂಲಕ ಹಿಂದಕ್ಕೆ ಪಡೆದಿದ್ದೇನೆ.