ಐಸಿಯು ಲೆಕ್ಕ ವಾರವಾರ ಹೊರಗೆ ಬರಲಿ

2021ರ ಜುಲೈ. ಕೋವಿಡ್ ಎರಡನೇ ಅಲೆ ಇಳಿದು ದಿಲ್ಲಿಯ ಆಸ್ಪತ್ರೆಗಳು ಸುಧಾರಿಸಿಕೊಳ್ಳುತ್ತಿದ್ದ ಹೊತ್ತು. ರಕ್ತದ ಕ್ಯಾನ್ಸರ್ ಇದ್ದ ಹರಿಯಾಣದ ಬಾಲಕನೊಬ್ಬ ನ್ಯುಮೋನಿಯಾ ಬಿಗಡಾಯಿಸಿ ಏಮ್ಸ್‌ಗೆ ದಾಖಲಾಗಿದ್ದ. ಪರೀಕ್ಷೆಯಲ್ಲಿ ಇನ್‌ಫ್ಲುಯೆಂಜಾ ಎಂದು ಬಂತು. ಆದರೆ ಅದು ಮಾಮೂಲಿ ಉಪತಳಿಗಳಾದ ಎಚ್1ಎನ್1 ಅಲ್ಲ, ಎಚ್3ಎನ್2 ಕೂಡ ಅಲ್ಲ. ಮಾದರಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಗೆ ಹೋಯಿತು. ಅಲ್ಲಿ ತಿಳಿದದ್ದು ಹಕ್ಕಿಜ್ವರದ ಎಚ್5ಎನ್1. ಭಾರತದಲ್ಲಿ ಮನುಷ್ಯರಲ್ಲಿ ಅದು ದೃಢಪಟ್ಟದ್ದು ಅದೇ ಮೊದಲು. ಬಾಲಕ ಉಳಿಯಲಿಲ್ಲ. ಅವನ ಸಂಪರ್ಕಕ್ಕೆ ಬಂದವರಲ್ಲಿ ಯಾರಿಗೂ ಸೋಂಕು ಹರಡಿರಲಿಲ್ಲ ಎಂಬುದೊಂದೇ ಸಮಾಧಾನ.

ಅಂದು ವೈರಸ್ ಸಿಕ್ಕಿದ್ದು ಉಪತಳಿ ಯಾವುದೆಂದು ಕೊನೆತನಕ ಹುಡುಕಿದ್ದರಿಂದ. ಅದೇ ಬಾಲಕ ಯಾವುದೋ ಬಡಾವಣೆಯ ನರ್ಸಿಂಗ್ ಹೋಂ ಸೇರಿದ್ದರೆ ಕೇಸ್ ಶೀಟಿನಲ್ಲಿ 'ನ್ಯುಮೋನಿಯಾ, ಸೆಪ್ಸಿಸ್' ಎಂದು ಬರೆದು ಮುಗಿಸುತ್ತಿದ್ದರೇನೋ. ದೊಡ್ಡ ಆಸ್ಪತ್ರೆಯೊಂದರ ಜಾಗರೂಕತೆಯನ್ನೇ ಇಡೀ ರಾಷ್ಟ್ರ ರಾಜಧಾನಿ ಪ್ರದೇಶದ (ಎನ್‌ಸಿಆರ್) ಕಾವಲು ಎಂದು ನಂಬಿ ಕೂರಲಾಗದು.

ಈಗ ನಾವು ನೆಚ್ಚಿಕೊಂಡಿರುವುದು ಒಟ್ಟು ಪ್ರಕರಣಗಳ ಸಂಖ್ಯೆಯನ್ನು. 2015ರಲ್ಲಿ ದಿಲ್ಲಿಯಲ್ಲಿ ಎಚ್1ಎನ್1 ಪ್ರಕರಣಗಳು 4,307, ಸಾವು 12. ಅದೇ ವರ್ಷ ರಾಜಸ್ಥಾನದಲ್ಲಿ ಪ್ರಕರಣಗಳು 6,858, ಸಾವು 468. ಗಡಿ ದಾಟಿದ ಕೂಡಲೇ ವೈರಸ್ ಇಷ್ಟು ಕ್ರೂರಿಯಾಗುವುದಿಲ್ಲ. ಯಾರನ್ನು ಪರೀಕ್ಷಿಸಿದರು, ಯಾವ ಸಾವನ್ನು ಲೆಕ್ಕಕ್ಕೆ ಹಿಡಿದರು ಎಂಬುದು ಬದಲಾಗುತ್ತದೆ. ಐಸಿಯು ಸೇರಿದವರ ಸಂಖ್ಯೆ ಚಿಕ್ಕದು, ಆದರೆ ಗಟ್ಟಿ. ವೆಂಟಿಲೇಟರ್ ಮೇಲಿರುವವರನ್ನು ಯಾರೂ ಉತ್ಪ್ರೇಕ್ಷೆ ಮಾಡಿ ಎಣಿಸುವುದಿಲ್ಲ.

ಇಂಥ ಲೆಕ್ಕ ನಮ್ಮಿಂದಾಗದ ಕೆಲಸವೇನಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ದೇಶವನ್ನೆಲ್ಲ ಕಲಕಿದಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತನ್ನ ಪ್ರಯೋಗಾಲಯಗಳ ಜಾಲದ ಅಂಕಿ ಹೊರಗಿಟ್ಟಿತು. ಎಚ್3ಎನ್2 ತಗಲಿ ಆಸ್ಪತ್ರೆ ಸೇರಿದವರಲ್ಲಿ ಶೇ 10ರಷ್ಟು ಮಂದಿಗೆ ಆಮ್ಲಜನಕ, ಶೇ 7ರಷ್ಟು ಮಂದಿಗೆ ಐಸಿಯು ಬೇಕಾಗಿತ್ತು. ವೈದ್ಯರಿಗೂ ಜನರಿಗೂ ಬೇಕಾದದ್ದು ಇಂಥ ಅಂಕಿಯೇ. ಅದು ಗದ್ದಲ ಎದ್ದಾಗ ಮಾತ್ರವಲ್ಲ, ವಾರವಾರವೂ ಬರಬೇಕು. 2009ರ ಜಾಗತಿಕ ಪಿಡುಗಿನ ನಂತರ ಬ್ರಿಟನ್ ಇದನ್ನು ರೂಢಿಗೆ ತಂದಿತು. ಇನ್‌ಫ್ಲುಯೆಂಜಾ ದೃಢಪಟ್ಟು ಎಷ್ಟು ಜನ ಐಸಿಯುನಲ್ಲಿದ್ದಾರೆ ಎಂದು ಅಲ್ಲಿನ ಆಸ್ಪತ್ರೆಗಳು ಫ್ಲೂ ಕಾಲದಲ್ಲಿ ಪ್ರತಿ ವಾರ ವರದಿ ಮಾಡುತ್ತವೆ.

ದಿಲ್ಲಿಯ ಕಷ್ಟ ಬೇರೆ. ಇಲ್ಲಿ ಫ್ಲೂ ವರ್ಷಕ್ಕೆ ಎರಡು ಸಲ ಏರುತ್ತದೆ: ಮಳೆಗಾಲದಲ್ಲೊಮ್ಮೆ, ಚಳಿಯಲ್ಲೊಮ್ಮೆ. ಚಳಿಗಾಲದ ಏರಿಕೆಗೆ ಹೊಗೆಯ ಮರೆ ಇದೆ. ನವೆಂಬರ್ ಬಂತೆಂದರೆ ಕೆಮ್ಮು, ಉಬ್ಬಸವನ್ನೆಲ್ಲ ಹೊಗೆಯ ತಲೆಗೆ ಕಟ್ಟುವುದು ಸುಲಭ. ಲಕ್ಷಣ ಕಂಡ 48 ಗಂಟೆಯೊಳಗೆ ಕೊಟ್ಟರೆ ಹೆಚ್ಚು ಫಲ ಕೊಡುವ ಫ್ಲೂ ಔಷಧ ಓಸೆಲ್ಟಾಮಿವಿರ್ ಕೊಡಲು ಅಷ್ಟರಲ್ಲಿ ತಡವಾಗಿರುತ್ತದೆ. ಇನ್ನು ಗಡಿಯ ಗೋಜಲು. ಉತ್ತರ ಪ್ರದೇಶದ ಗಾಜಿಯಾಬಾದಿನಲ್ಲಿ ಮನೆ, ಹರಿಯಾಣದ ಗುರುಗ್ರಾಮದಲ್ಲಿ ಕೆಲಸ, ಕಾಯಿಲೆ ಬಿದ್ದರೆ ದಿಲ್ಲಿಯ ಆಸ್ಪತ್ರೆ: ಈ ಒಬ್ಬ ರೋಗಿಗೆ ಮೂರು ಸರ್ಕಾರಗಳು. 2020ರ ಫೆಬ್ರವರಿಯಲ್ಲಿ ಸಾಫ್ಟ್‌ವೇರ್ ಕಂಪನಿಯೊಂದರ ಬೆಂಗಳೂರಿನ ಇಬ್ಬರು ಉದ್ಯೋಗಿಗಳಿಗೆ ಎಚ್1ಎನ್1 ಬಂದಾಗ ಅದು ತನ್ನ ಗುರುಗ್ರಾಮದ ಕಚೇರಿಯನ್ನೂ ಮುಚ್ಚಿತ್ತು. ಖಾಸಗಿ ಕಂಪನಿಗೆ ಹೊಳೆದ ಈ ನಂಟು ಮೂರು ಸರ್ಕಾರಗಳ ಆರೋಗ್ಯ ಇಲಾಖೆಗಳಿಗೂ ಹೊಳೆಯಬೇಡವೇ? (ಅದೇ ತಿಂಗಳು ಸುಪ್ರೀಂ ಕೋರ್ಟಿನ ಆರು ನ್ಯಾಯಮೂರ್ತಿಗಳಿಗೂ ಎಚ್1ಎನ್1 ಬಂದಿತ್ತು. ಆಗಲಾದರೂ ರಾಜಧಾನಿ ಎಚ್ಚೆತ್ತುಕೊಳ್ಳಬಹುದಿತ್ತು. ಅಷ್ಟರಲ್ಲಿ ಕೋವಿಡ್ ಬಂತು.)

ಆದ್ದರಿಂದ ಎಣಿಕೆ ರೋಗಿಯ ವಿಳಾಸದಿಂದಲ್ಲ, ಹಾಸಿಗೆಯಿಂದ ಶುರುವಾಗಲಿ. ಏಮ್ಸ್, ಸಫ್ದರ್‌ಜಂಗ್‌ಗಳ ಜೊತೆಗೆ ನೋಯ್ಡಾ, ಗುರುಗ್ರಾಮ, ಫರೀದಾಬಾದಿನ ಖಾಸಗಿ ಆಸ್ಪತ್ರೆಗಳೂ ಸೇರಲಿ. ವಯಸ್ಸು, ಉಪತಳಿ, ಗರ್ಭಿಣಿಯೇ, ಲಸಿಕೆ ಆಗಿತ್ತೇ, ಔಷಧ ಎಷ್ಟನೇ ದಿನ ಸಿಕ್ಕಿತು ಎಂಬಷ್ಟು ಸಾಕು. ಉಪತಳಿ ಗೊತ್ತಾಗದ ಮಾದರಿ ಅಂದೇ ಪುಣೆಗೆ ಹೊರಡಲಿ. ಪರೀಕ್ಷೆಯ ಖರ್ಚನ್ನು ರೋಗಿಯ ಬಿಲ್ಲಿಗೆ ಸೇರಿಸಿದರೆ ಮನೆಯವರು ಬೇಡವೆನ್ನಬಹುದು, ಆದ್ದರಿಂದ ಅದನ್ನು ಸರ್ಕಾರವೇ ಭರಿಸಲಿ. ದಿಲ್ಲಿಯಲ್ಲೇ ಇರುವ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಈ ಲೆಕ್ಕವನ್ನು ಒಟ್ಟುಮಾಡಿ ಪ್ರತಿ ವಾರ ಪ್ರಕಟಿಸಲಿ. ಮೊದಲ ಪಟ್ಟಿ ದೀಪಾವಳಿಗೆ ಮುಂಚೆಯೇ ಬರಬೇಕು.